ಟ್ರಂಪೆಟ್ ದಾರಿಗೆ ಅಡ್ಡ ನಿಲ್ಲಬೇಡ

ನಮ್ಮದು ಇಂಗ್ಲೆಂಡಿನ ಒಂದು ಹಳ್ಳಿ ಪಬ್ಬಿನಲ್ಲಿ ಭಾನುವಾರ ಹಳೇ ಶೈಲಿಯ ಜಾಝ್ ನುಡಿಸುವ ಬ್ಯಾಂಡ್. ಅದರ ಟ್ರೊಂಬೋನ್ ತಾತನನ್ನು ಯಾವಾಗಲೂ ಬಾಗಿಲ ಪಕ್ಕದಲ್ಲೇ ಕೂರಿಸುತ್ತೇವೆ. ಆ ಊದುವ ವಾದ್ಯದ ಸ್ಲೈಡ್, ಅಂದರೆ ಹಿಂದೆ ಮುಂದೆ ಜಾರಿಸುವ ಕೊಳವೆ, ಪೂರ್ತಿ ಚಾಚಿದರೆ ಎದುರಿಗೆ ಹತ್ತಿರ ಹತ್ತಿರ ಒಂದು ಮಾರು ಜಾಗ ಬೇಕು. ಒಂದು ಭಾನುವಾರ ಮಳೆ ಅಂತ ಒಳಗಡೆ ಕೂರಿಸಿದ್ದೆವು. ಅಡುಗೆಮನೆಯಿಂದ ಮೂರು ತಟ್ಟೆ ಹಿಡಿದು ಬಂದ ಹುಡುಗಿಯ ಮೊಣಕೈಗೆ ಸ್ಲೈಡ್ ತಗಲಿತು. ಗ್ರೇವಿಯೆಲ್ಲ ಡ್ರಮ್ ಮೇಲೆ. ಡ್ರಮ್ಮಿನವರು ನಿಲ್ಲಿಸಲೇ ಇಲ್ಲ. ಹಾಡು ಮುಗಿಯುವ ತನಕ ಗ್ರೇವಿ ಹಾರಿಸುತ್ತಲೇ ಬಾರಿಸಿದರು. ಜನ ಅದೂ ಕಾರ್ಯಕ್ರಮದ ಭಾಗ ಅಂದುಕೊಂಡು ಚಪ್ಪಾಳೆ ತಟ್ಟಿದರು. ಮುಂದಿನ ವಾರ ಇಬ್ಬರು ಬಂದು "ಇವತ್ತು ಗ್ರೇವಿ ಇಲ್ವಾ?" ಅಂತ ಕೇಳಿದ್ದೂ ಉಂಟು.

ಈ ಜಾಗದ ತಾಪತ್ರಯ ಹಳೆಯದು. ನೂರಕ್ಕೂ ಹೆಚ್ಚು ವರ್ಷದ ಹಿಂದೆ ಅಮೆರಿಕದ ನ್ಯೂ ಆರ್ಲಿಯನ್ಸ್‌ನಲ್ಲಿ ಬ್ಯಾಂಡಿನವರು ಗಾಡಿ ಮೇಲೆ ಕೂತು ಊರು ಸುತ್ತಿ, ಇವತ್ತು ಸಂಜೆ ಇಂಥಾ ಕಡೆ ಡಾನ್ಸ್ ಇದೆ ಅಂತ ಸಾರುತ್ತಿದ್ದರಂತೆ. ಟ್ರೊಂಬೋನಿನವನು ಮಾತ್ರ ಗಾಡಿಯ ಹಿಂದಿನ ಹಲಗೆ ಇಳಿಸಿ ಅಲ್ಲಿ ಕೂರುತ್ತಿದ್ದ, ಯಾರ ಕಿವಿಗೂ ಸ್ಲೈಡ್ ತಗಲದಿರಲಿ ಅಂತ. ಆ ಹಲಗೆಗೆ ಟೈಲ್‌ಗೇಟ್ ಅಂತ ಹೆಸರು. ಆ ಶೈಲಿಯ ಟ್ರೊಂಬೋನಿಗೂ ಇವತ್ತಿಗೂ ಅದೇ ಹೆಸರು. ನಮ್ಮ ತಾತನಿಗೆ ಗಾಡಿ ಇಲ್ಲ, ಪಬ್ಬಿನ ಬಾಗಿಲಿದೆ.

ನಾನಿರುವುದು ಇಂಗ್ಲೆಂಡಿನ ಬ್ರಿಸ್ಟಲ್‌ನಲ್ಲಿ. ಹೊಟ್ಟೆಪಾಡು ಎಂಜಿನಿಯರಿಂಗ್. ಊರು ಮೈಸೂರು. ಅಪ್ಪ ಅಲ್ಲಿ ಪೊಲೀಸ್ ಬ್ಯಾಂಡಿನಲ್ಲಿ ಕ್ಲಾರಿನೆಟ್ ನುಡಿಸುತ್ತಿದ್ದರು. ದಸರಾ ಹತ್ತಿರ ಬಂತೆಂದರೆ ಮನೆಯಲ್ಲಿ ಹಿತ್ತಾಳೆ ಗುಂಡಿಗಳಿಗೆ ಬ್ರಾಸೋ ಉಜ್ಜುವ ವಾಸನೆ. ಹತ್ತನೇ ವಯಸ್ಸಿಗೆ ನನ್ನ ಕೈಗೂ ಒಂದು ಕ್ಲಾರಿನೆಟ್ ಕೊಟ್ಟರು. ಅಪ್ಪನ ಪಾಠದಲ್ಲಿ ಇದ್ದದ್ದು ಒಂದೇ ನಿಯಮ: ಕಾಗದದಲ್ಲಿ ಏನಿದೆಯೋ ಅದನ್ನು ನುಡಿಸು, ಇಲ್ಲದ್ದನ್ನು ನುಡಿಸಬೇಡ. ಎಂಜಿನಿಯರಿಂಗ್ ಸೇರಿದ ಮೇಲೆ ವಾದ್ಯ ಪೆಟ್ಟಿಗೆ ಸೇರಿತು. ಇಲ್ಲಿಗೆ ಬರುವಾಗ ಸುಮ್ನೆ ಇರಲಿ ಅಂತ ತಂದಿದ್ದೆ. ಹಲವು ವರ್ಷ ಅಟ್ಟದ ಮೇಲೆ ಇತ್ತು.

ಮೂರು ವರ್ಷದ ಹಿಂದೆ ಒಂದು ಭಾನುವಾರ ಹೆಂಡತಿ, ಮಗಳ ಜೊತೆ ಸ್ಟ್ಯಾಂಟನ್ ಡ್ರೂ ನೋಡಲು ಹೋದೆ. ಬ್ರಿಸ್ಟಲ್‌ನ ದಕ್ಷಿಣಕ್ಕೆ, ಸಾಮರ್‌ಸೆಟ್‌ನ ಹಳ್ಳಿ. ಅಲ್ಲಿ ಸಾವಿರಾರು ವರ್ಷ ಹಳೆಯ ಕಲ್ಲುಗಳ ವೃತ್ತಗಳಿವೆ. ಊರಿನವರ ಕಥೆ ಚೆನ್ನಾಗಿದೆ. ಶನಿವಾರದ ಮದುವೆ. ಕುಣಿತ ಜೋರಾಗಿ ನಡೆದಿತ್ತು. ಮಧ್ಯರಾತ್ರಿ ಆದ ಕೂಡಲೇ ಪಿಟೀಲಿನವನು ಕೈ ಎತ್ತಿದ. ಭಾನುವಾರ ದೇವರ ದಿನ, ಇನ್ನು ನುಡಿಸಲ್ಲ ಅಂದ. ಮದುಮಗಳಿಗೆ ಸಿಟ್ಟು ಬಂತು, ನರಕದಿಂದಾದರೂ ಇನ್ನೊಬ್ಬನನ್ನು ಕರೆಸುತ್ತೇನೆ ಅಂದಳು. ಸರಿ, ಒಬ್ಬ ಮುದುಕ ಬಂದ, ನುಡಿಸಿದ. ಬೆಳಗಾಗುವಷ್ಟರಲ್ಲಿ ಮದುವೆಯವರೆಲ್ಲ ಕಲ್ಲಾಗಿದ್ದರು.

ಈ ಕಥೆಯನ್ನು ಮಗಳಿಗೆ ಹೇಳಿ ಮುಗಿಸುವಷ್ಟರಲ್ಲಿ ಮಳೆ ಹಿಡಿಯಿತು. ಕಾರು ಹತ್ತಿ ಕೆಲವು ಮೈಲಿ ಹೋಗಿ ಸಿಕ್ಕ ಮೊದಲ ಪಬ್ಬಿಗೆ ನುಗ್ಗಿದೆವು. ತಗ್ಗು ಸೂರು, ಉರಿಯುವ ಬೆಂಕಿಗೂಡು, ಮೇಜಿನಡಿಯಲ್ಲಿ ಕಪ್ಪು ಲ್ಯಾಬ್ರಡಾರ್. ಮೂಲೆಯಲ್ಲಿ ಪಟ್ಟೆಪಟ್ಟೆ ವೇಸ್ಟ್‌ಕೋಟ್ ತೊಟ್ಟ ಏಳು ಮುದುಕರು. ಟ್ರಂಪೆಟ್, ಕ್ಲಾರಿನೆಟ್, ಟ್ರೊಂಬೋನ್ ಮುಂದೆ. ಬ್ಯಾಂಜೋ, ಡಬಲ್ ಬಾಸ್, ಪಿಯಾನೋ, ಡ್ರಮ್ಸ್ ಹಿಂದೆ. ಮೂರು ಊದುವ ವಾದ್ಯಗಳೂ ಏಕಕಾಲಕ್ಕೆ ಬೇರೆ ಬೇರೆ ಏನೋ ನುಡಿಸುತ್ತಿದ್ದವು. ಆದರೂ ಗಲಾಟೆ ಅನ್ನಿಸಲಿಲ್ಲ. ನಮ್ಮ ಮದುವೆಮನೆಯ ಜಗಲಿಯಲ್ಲಿ ನಾಲ್ಕು ಜನ ಒಟ್ಟಿಗೆ ಮಾತಾಡಿದರೂ ಎಲ್ಲರಿಗೂ ಎಲ್ಲಾ ಅರ್ಥವಾಗುತ್ತದಲ್ಲ, ಹಾಗೆ.

ವಿರಾಮದಲ್ಲಿ ಟ್ರಂಪೆಟ್ ತಾತನನ್ನು ಮಾತಾಡಿಸಿದೆ. ಅವರೇ ಯಜಮಾನರು. ಕಲ್ಲು ನೋಡಿ ಬಂದೆವು ಅಂದೆ. "ನಾವು ಪ್ರತಿ ಭಾನುವಾರ ಬಾರಿಸ್ತೀವಿ, ಇನ್ನೂ ಕಲ್ಲಾಗಿಲ್ಲ. ಸೊಂಟ ಮಾತ್ರ ಆಗಿದೆ" ಅಂದರು. ಏಳು ಜನರ ವಯಸ್ಸು ಕೂಡಿಸಿದರೆ 500 ದಾಟುತ್ತದಂತೆ. ನಾನೂ ಹಿಂದೆ ಕ್ಲಾರಿನೆಟ್ ನುಡಿಸುತ್ತಿದ್ದೆ ಅಂತ ಬಾಯಿ ತಪ್ಪಿ ಹೇಳಿಬಿಟ್ಟೆ. ಪಕ್ಕದಲ್ಲಿದ್ದ ಕ್ಲಾರಿನೆಟ್ ತಾತ ತಿರುಗಿ ನೋಡಿದರು.

"ಮುಂದಿನ ವಾರ ತಗೊಂಡು ಬಾ."

"ನೋಟ್ಸ್ ಕೊಡ್ತೀರಾ?"

ಏಳೂ ಜನ ಒಟ್ಟಿಗೆ ನಕ್ಕರು. ಅವರ ಮುಂದೆ ಒಂದೇ ಒಂದು ಮ್ಯೂಸಿಕ್ ಸ್ಟ್ಯಾಂಡ್ ಇತ್ತು. ಅದರ ಮೇಲೆ ಬಿಯರ್ ಲೋಟ ಇಟ್ಟಿದ್ದರು.

ವಾದ್ಯ ಅಟ್ಟದಿಂದ ಇಳಿಯಿತು. ಪ್ಯಾಡುಗಳು ಒಣಗಿ ಬಿಸ್ಕತ್ತಿನಂತೆ ಪುಡಿಯಾಗುತ್ತಿದ್ದವು, ಕಾರ್ಕ್ ಸವೆದಿತ್ತು. ರಿಪೇರಿಗೆ 130 ಪೌಂಡ್ ಆಯಿತು. ಹೆಂಡತಿ "ರೀ, ಇಷ್ಟು ದುಡ್ಡಿಗೆ ಮಿಕ್ಸಿ ಬರ್ತಿತ್ತು" ಅಂದಳು. ನಾನು ಮೊದಲ ವಾರ ಅಭ್ಯಾಸ ಮಾಡಿದ್ದನ್ನು ಕೇಳಿದ ಮೇಲೆ, ಮಿಕ್ಸಿಯ ಸದ್ದೇ ವಾಸಿ ಅಂತಲೂ ಸೇರಿಸಿದಳು.

ಮುಂದಿನ ಭಾನುವಾರ ಕೊನೆಯ ಎರಡು ಹಾಡಿಗೆ ನನ್ನನ್ನು ಕರೆದರು. ಮೊದಲನೆಯದು ಎಫ್ ಶ್ರುತಿಯಲ್ಲಿ. ಹೇಗೋ ಮುಗಿಯಿತು. ಎರಡನೆಯದು ಶುರುವಾಗುವ ಮುನ್ನ ಟ್ರಂಪೆಟ್ ತಾತ ನನ್ನ ಕಡೆ ತಿರುಗಿ ಮೂರು ಬೆರಳನ್ನು ನೆಲದ ಕಡೆ ತೋರಿಸಿದರು. ಮೂರು ಸುತ್ತು ಅಂತಿರಬೇಕು ಅಂದುಕೊಂಡು ತಲೆಯಾಡಿಸಿದೆ. ಅವರು ಕಾಲು ತಟ್ಟಿದರು. ಬ್ಯಾಂಡ್ ಇ ಫ್ಲಾಟ್‌ನಲ್ಲಿ ಹೊರಟಿತು. ನಾನು ಹಳೆಯ ಎಫ್‌ನಲ್ಲೇ ಹೊರಟೆ. ಎಲ್ಲರಿಗಿಂತ ಸರಿಯಾಗಿ ಒಂದು ಸ್ವರ ಮೇಲೆ, ತುಂಬು ಆತ್ಮವಿಶ್ವಾಸದಿಂದ. ಮೇಜಿನಡಿಯಿಂದ ಲ್ಯಾಬ್ರಡಾರ್ ಎದ್ದಿತು. ನನ್ನನ್ನೊಮ್ಮೆ ನೋಡಿತು. ಹೊರಗೆ ಹೋಯಿತು.

ಆಮೇಲೆ ಕ್ಲಾರಿನೆಟ್ ತಾತ ಬೆರಳಿನ ಭಾಷೆ ಹೇಳಿಕೊಟ್ಟರು. ಬೆರಳು ಕೆಳಗೆ ತೋರಿಸಿದರೆ ಫ್ಲಾಟ್‌ಗಳ, ಅಂದರೆ ಆ ಶ್ರುತಿಯಲ್ಲಿ ಅರ್ಧ ಸ್ಥಾನ ಇಳಿಸುವ ಸ್ವರಗಳ ಲೆಕ್ಕ. ಒಂದು ಬೆರಳು ಎಫ್, ಎರಡು ಬಿ ಫ್ಲಾಟ್, ಮೂರು ಇ ಫ್ಲಾಟ್, ನಾಲ್ಕು ಎ ಫ್ಲಾಟ್. ಬೆರಳು ಮೇಲಕ್ಕೆ ಹೋದರೆ ಶಾರ್ಪ್‌ಗಳು, ಅಂದರೆ ಏರಿಸುವ ಸ್ವರಗಳು, ಒಂದು ಬೆರಳು ಅಂದರೆ ಜಿ. ನೆತ್ತಿ ಮುಟ್ಟಿಕೊಂಡರೆ ಹಾಡಿನ ಮೊದಲಿಗೆ ಹೋಗಬೇಕು. ಇದರ ಮೇಲೆ ನನ್ನದೊಂದು ಸ್ವಂತ ಲೆಕ್ಕ ಬೇರೆ. ಕ್ಲಾರಿನೆಟ್ ಬಿ ಫ್ಲಾಟ್ ವಾದ್ಯ. ಅದರಲ್ಲಿ ಸಿ ಅಂತ ಬೆರಳಿಟ್ಟರೆ ಹೊರಗೆ ಕೇಳುವುದು ಬಿ ಫ್ಲಾಟ್. ಹಾಗಾಗಿ ಪಿಯಾನೋದವರ ಇ ಫ್ಲಾಟ್ ನನಗೆ ಎಫ್. ಪೊಲೀಸ್ ಬ್ಯಾಂಡಿನಲ್ಲಿ ಈ ತಲೆನೋವು ಇಲ್ಲ, ಕಾಗದ ಬರೆದವರೇ ಬದಲಿಸಿ ಕೊಟ್ಟಿರುತ್ತಾರೆ. ಇಲ್ಲಿ ಬೆರಳು ನೋಡಿ, ಫ್ಲಾಟ್ ಎಣಿಸಿ, ಒಂದು ಸ್ವರ ಏರಿಸಿಕೊಳ್ಳುವಷ್ಟರಲ್ಲಿ ನಾಲ್ಕು ಬಾರ್, ಅಂದರೆ ತಾಳದ ನಾಲ್ಕು ತುಂಡು, ಕಳೆದಿರುತ್ತದೆ.

ತಾತ ಒಂದು ಹಳೇ ಎಕ್ಸರ್‌ಸೈಜ್ ಪುಸ್ತಕ ಕೊಟ್ಟರು. ಸುಮಾರು 60 ಹಾಡುಗಳು. ಸ್ವರಗಳಿಲ್ಲ, ಬರೀ ಕಾರ್ಡ್‌ಗಳು, ಅಂದರೆ ಹಾಡಿನ ಅಡಿಯಲ್ಲಿ ಒಟ್ಟಿಗೆ ನುಡಿಯುವ ಸ್ವರಗುಚ್ಛಗಳ ಹೆಸರು, ಪೆನ್ಸಿಲ್‌ನಲ್ಲಿ. ಅಲ್ಲಲ್ಲಿ ಸೈಡರ್ ಕಲೆ. "ಮೊದಲು ಬಾಸ್ ಹಾಡು, ಆಮೇಲೆ ಊದು" ಅಂದರು. ಆರು ತಿಂಗಳು ಕಾರಿನಲ್ಲಿ ಹೋಗುತ್ತಾ ಬರುತ್ತಾ ಬಾಸ್ ಸ್ವರಗಳನ್ನೇ, ಅಂದರೆ ಕಾರ್ಡ್‌ಗಳ ತಳದ ಸ್ವರಗಳನ್ನೇ, ಹಾಡಿದೆ. ಸಿಗ್ನಲ್‌ನಲ್ಲಿ ಪಕ್ಕದ ಕಾರಿನವರು ನೋಡಿ ಕಿಟಕಿ ಏರಿಸುತ್ತಿದ್ದರು. ಆದರೆ ನಿಧಾನಕ್ಕೆ ಒಂದು ವಿಷಯ ಹೊಳೆಯಿತು. ಅರವತ್ತು ಹಾಡೆಂದರೆ ಅರವತ್ತು ದಾರಿಯಲ್ಲ. ಹತ್ತೋ ಹನ್ನೆರಡೋ ದಾರಿ. ಹನ್ನೆರಡು ಬಾರ್‌ನ ಬ್ಲೂಸ್ ಒಂದು. ಎಂಟೆಂಟರ ನಾಲ್ಕು ತುಂಡಿನ 32 ಬಾರ್ ಇನ್ನೊಂದು, ಅದರಲ್ಲಿ ಮೂರನೇ ತುಂಡು ಮಾತ್ರ ಬೇರೆ. ತಾಳದ ಆವರ್ತ ಹಿಡಿದು ಬೆಳೆದವರಿಗೆ ಇದು ಅಷ್ಟೇನೂ ಕಷ್ಟ ಅಲ್ಲ. ಒಂದು ಸುತ್ತಿಗೆ ಇವರು ಕೋರಸ್ ಅನ್ನುತ್ತಾರೆ.

ನಾನು ದಾರಿ ಕಲಿತೆ ಅಂತ ಹಿಗ್ಗಿದ ಹೊತ್ತಿಗೇ ಮರ್ಯಾದೆ ಹೋದ ಕಥೆಯನ್ನೂ ಹೇಳಿಬಿಡುತ್ತೇನೆ.

ಡಿ ಮೈನರ್‌ನ ಒಂದು ಹಾಡು. ನನಗೆ ಸೋಲೋ ಕೊಟ್ಟರು. ನಮ್ಮ ಕಡೆಯ ಕದ್ರಿ ಗೋಪಾಲನಾಥರು ಸ್ಯಾಕ್ಸೋಫೋನ್ ಹಿಡಿದು 1994ರಲ್ಲೇ ಲಂಡನ್ನಿನ ಬಿಬಿಸಿ ಪ್ರಾಮ್ಸ್ ಸಂಗೀತೋತ್ಸವದಲ್ಲಿ ಕರ್ನಾಟಕ ಸಂಗೀತ ನುಡಿಸಿದವರು. ನಾನು ಒಂದು ಹಳ್ಳಿ ಪಬ್ಬಿನಲ್ಲಾದರೂ ಬೇಡವಾ? ಸಿಂಹೇಂದ್ರ ಮಧ್ಯಮ ಎತ್ತಿಕೊಂಡೆ. ಮೊದಲ ಎರಡು ಬಾರ್ ಅದ್ಭುತ. ಬಾರ್ ಕೌಂಟರಿನಲ್ಲಿದ್ದವರು ತಿರುಗಿ ನೋಡಿದರು. ಮೂರನೇ ಬಾರ್‌ನಲ್ಲಿ ಬ್ಯಾಂಜೋ ತಾತ ಜಿ ಮೈನರ್ ಕಾರ್ಡ್‌ಗೆ ಹೋದರು. ನನ್ನ ಪ್ರತಿ ಮಧ್ಯಮ ನೇರವಾಗಿ ಹೋಗಿ ಅದಕ್ಕೆ ಡಿಕ್ಕಿ ಹೊಡೆಯಿತು. ತಂಬೂರಿ ಒಂದೇ ಷಡ್ಜ ಹಿಡಿದಿದ್ದರೆ ರಾಗ ಅದರ ಮೇಲೆ ನೆಮ್ಮದಿಯಾಗಿ ನಿಲ್ಲುತ್ತದೆ. ಇಲ್ಲಿ ಎರಡೆರಡು ಬಾರ್‌ಗೆ ಕಾಲಡಿಯ ನೆಲವೇ ಬದಲಾಗುತ್ತದೆ. ನಾನು ಅದನ್ನು ಲೆಕ್ಕಿಸದೆ ಮುಂದುವರಿಸಿದೆ. ಸೋಲೋ ಮುಗಿದ ಮೇಲೂ ನಿಲ್ಲಿಸಲಿಲ್ಲ, ಟ್ರಂಪೆಟ್ ಹಾಡು ಎತ್ತಿಕೊಂಡಾಗ ಅದರ ಮೇಲೂ ಗಮಕ ಸುರಿದೆ.

ಯಾರೂ ಬೈಯಲಿಲ್ಲ. ಇಂಗ್ಲಿಷರು ಬೈಯುವುದಿಲ್ಲ, ಅದೇ ಕಷ್ಟ. ಟ್ರಂಪೆಟ್ ತಾತ ಎಂಜಲು ಒರೆಸಿಕೊಳ್ಳುತ್ತಾ "ಬಹಳ ಇಂಟರೆಸ್ಟಿಂಗ್" ಅಂದರು. ಇಲ್ಲಿ ಇಷ್ಟು ವರ್ಷ ಇದ್ದವರಿಗೆ ಅದರ ಅರ್ಥ ಗೊತ್ತು. ಆಮೇಲೆ ಕಾರ್ ಪಾರ್ಕಿನಲ್ಲಿ ಮೆಲ್ಲಗೆ ಹೇಳಿದರು: "ನಿನ್ನ ರಾಗ ಚೆನ್ನಾಗಿತ್ತಪ್ಪ. ಆದರೆ ಟ್ರಂಪೆಟ್ ದಾರಿಗೆ ಅಡ್ಡ ನಿಲ್ಲಬೇಡ."

ಆ ಮಾತನ್ನು ಕ್ಲಾರಿನೆಟ್ ತಾತ ಮರುವಾರ ಬಿಡಿಸಿ ಹೇಳಿದರು. ಹಾಡು ಹೊರುವುದು ಟ್ರಂಪೆಟ್ಟಿನ ಕೆಲಸ. ಕೆಳಗಡೆ ಟ್ರೊಂಬೋನ್ ಒಂದು ಕಾರ್ಡ್‌ನಿಂದ ಇನ್ನೊಂದಕ್ಕೆ ಜಾರುತ್ತಾ ಬರುತ್ತದೆ. ಮೇಲ್ಗಡೆ ಉಳಿದ ಜಾಗ ನಮ್ಮದು. "ಟ್ರಂಪೆಟ್ ಓಡುವಾಗ ನೀನು ನಿಲ್ಲು. ಟ್ರಂಪೆಟ್ ನಿಂತಾಗ ನೀನು ಓಡು." ಇಷ್ಟೇ. ಅವರು ಕೂತಲ್ಲೇ ತೋರಿಸಿದರು. ಟ್ರಂಪೆಟ್ಟಿನ ಸಾಲನ್ನು ಬಾಯಲ್ಲಿ ಹಾಡಿದರು, ಕೊನೆಯ ಸ್ವರವನ್ನು ನಾಲ್ಕು ಎಣಿಕೆ ಎಳೆದರು. ಆ ನಾಲ್ಕು ಎಣಿಕೆಯಲ್ಲಿ ಬೆರಳು ತಂಬಿಗೆ ತೊಳೆಯುವಂತೆ ಒಂದು ಸುತ್ತು ಓಡಿ, ಟ್ರಂಪೆಟ್ ಮುಂದಿನ ಸಾಲಿಗೆ ಬರುವ ಕ್ಷಣಕ್ಕೆ ಸರಿಯಾಗಿ ಒಂದು ಉದ್ದ ಸ್ವರದ ಮೇಲೆ ಬಂದು ಕೂತಿತು. ನನಗೆ ಅದು ಸಂಗೀತಕ್ಕಿಂತ ಜಾಸ್ತಿ, ಮೈಸೂರಿನ ದೇವರಾಜ ಮಾರ್ಕೆಟ್ಟಿನ ಸಂದಿಯಲ್ಲಿ ಸೈಕಲ್ ಓಡಿಸುವ ವಿದ್ಯೆ ಅನ್ನಿಸಿತು.

ಕೇಳಲು ಒಂದು ರೆಕಾರ್ಡನ್ನೂ ಹೇಳಿದರು. 1923ರಲ್ಲಿ ಇಂಡಿಯಾನಾದ ರಿಚ್ಮಂಡ್‌ನಲ್ಲಿ ಕಿಂಗ್ ಆಲಿವರ್ ಬ್ಯಾಂಡ್ ಮಾಡಿದ ರೆಕಾರ್ಡಿಂಗ್‌ಗಳು. ಆಗ ಮೈಕ್ ಇಲ್ಲ, ಎಲ್ಲರೂ ಒಂದು ದೊಡ್ಡ ತಗಡಿನ ಹಾರ್ನ್ ಎದುರು ನಿಂತು ಊದಬೇಕು. 21 ವರ್ಷದ ಲೂಯಿ ಆರ್ಮ್‌ಸ್ಟ್ರಾಂಗ್ ಆ ಬ್ಯಾಂಡಿನಲ್ಲಿ ಎರಡನೇ ಕಾರ್ನೆಟ್, ಅಂದರೆ ಟ್ರಂಪೆಟ್ಟಿನ ತಮ್ಮನಂಥ ವಾದ್ಯ. ಅವರ ಸದ್ದು ಎಲ್ಲರನ್ನೂ ಮುಳುಗಿಸುತ್ತಿತ್ತು ಅಂತ ಬಹಳ ಹಿಂದಕ್ಕೆ ನಿಲ್ಲಿಸಿದ್ದರಂತೆ. ಅದರಲ್ಲಿ ಜಾನಿ ಡಾಡ್ಸ್ ಅವರ ಕ್ಲಾರಿನೆಟ್ಟನ್ನೇ ಹಿಂಬಾಲಿಸಿ ಕೇಳು ಅಂದರು. ಕೇಳಿದೆ. ಗರಗರ ಸದ್ದಿನ ನಡುವೆ ಎರಡು ಕಾರ್ನೆಟ್‌ಗಳ ಸಂದಿಯಲ್ಲಿ ನುಸುಳುವ ಆ ಮನುಷ್ಯ ಒಂದು ಸಲವೂ ಯಾರ ಕಾಲನ್ನೂ ತುಳಿಯುವುದಿಲ್ಲ.

ಇದನ್ನು ಒಂದು ರಾತ್ರಿ ಅಪ್ಪನಿಗೂ ಫೋನಿನಲ್ಲಿ ಕೇಳಿಸಿದೆ.

"ಏನೋ ಇದು, ಒಬ್ಬೊಬ್ಬ ಒಂದೊಂದು ಊದ್ತಾನೆ? ಸಂತೆ ಇದ್ದ ಹಾಗಿದೆ. ಬ್ಯಾಂಡ್ ಮಾಸ್ಟರ್ ಇಲ್ವಾ?"

"ಇಲ್ಲಪ್ಪ. ಕಾಗದಾನೂ ಇಲ್ಲ."

"ಮತ್ತೆ ತಪ್ಪಾದರೆ ಯಾರನ್ನ ಬೈಯೋದು?"

ನನ್ನ ಹತ್ತಿರ ಉತ್ತರ ಇರಲಿಲ್ಲ.

ಈ ಸೀಮೆಗೂ ಕ್ಲಾರಿನೆಟ್ಟಿಗೂ ಒಂದು ನಂಟಿದೆ. ಸ್ಟ್ಯಾಂಟನ್ ಡ್ರೂ ಪಕ್ಕದ ಪೆನ್ಸ್‌ಫರ್ಡ್ ಹೆಸರಾಂತ ಕ್ಲಾರಿನೆಟ್ ವಾದಕ ಆ್ಯಕರ್ ಬಿಲ್ಕ್ ಅವರ ಊರು. 1929ರಲ್ಲಿ ಹುಟ್ಟಿದವರು. ಹುಡುಗಾಟದಲ್ಲಿ ಎರಡು ಮುಂದಿನ ಹಲ್ಲು ಹೋಗಿತ್ತು, ಒಂದು ಬೆರಳಿನ ತುದಿ ಜಾರುಬಂಡಿಗೆ ಸಿಕ್ಕಿ ಹೋಗಿತ್ತು. ಬ್ರಿಸ್ಟಲ್‌ನ ಸಿಗರೇಟ್ ಕಾರ್ಖಾನೆಯಲ್ಲಿ ದುಡಿದು, ಸೈನ್ಯಕ್ಕೆ ಸೇರಿ ಈಜಿಪ್ಟಿಗೆ ಹೋದರು. ಕಾವಲಿನಲ್ಲಿ ನಿದ್ದೆ ಹೋಗಿ ಸೈನ್ಯದ ಜೈಲು ಸೇರಿದಾಗ ಅಲ್ಲಿ ಕ್ಲಾರಿನೆಟ್ ಅಭ್ಯಾಸ ಮಾಡಿದರು. ಬೌಲರ್ ಹ್ಯಾಟು, ಪಟ್ಟೆ ವೇಸ್ಟ್‌ಕೋಟು ಅವರ ಗುರುತು. 1961ರಲ್ಲಿ ಅವರು ಮಾಡಿದ ಒಂದು ನಿಧಾನದ ಹಾಡು ಮರುವರ್ಷ ಅಮೆರಿಕದ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೆ ಹೋಯಿತು. ಆ್ಯಕರ್ ಅನ್ನುವುದು ಅವರ ನಿಜವಾದ ಹೆಸರಲ್ಲ, ಸಾಮರ್‌ಸೆಟ್ ಆಡುಮಾತಿನಲ್ಲಿ ಗೆಳೆಯ ಅಂತ ಅರ್ಥ. ನಮ್ಮಲ್ಲಿ ಸ್ಟೇಜ್ ಹೆಸರನ್ನು 'ಮಚ್ಚಾ' ಅಂತ ಇಟ್ಟುಕೊಂಡ ಹಾಗೆ. ನಮ್ಮ ಬ್ಯಾಂಡಿನ ವೇಸ್ಟ್‌ಕೋಟುಗಳೂ ಆ ಕಾಲದ ನೆರಳೇ.

ಆ ಕಾಲ ಜಾಸ್ತಿ ದಿನ ಇರಲಿಲ್ಲ. ಐವತ್ತರ ದಶಕದ ಕೊನೆಯಿಂದ ನಾಲ್ಕೈದು ವರ್ಷ ಇಲ್ಲಿ ಟ್ರಾಡ್ ಜಾಝ್ (ಈ ಹಳೇ ಶೈಲಿಗೆ ಇಲ್ಲಿನ ಹೆಸರು) ಅಂದರೆ ಹುಚ್ಚು. 1963ರಲ್ಲಿ ಬೀಟಲ್ಸ್ ಬಂದರು, ಹುಚ್ಚು ಇಳಿಯಿತು. ಸಂಗೀತ ಮತ್ತೆ ಪಬ್ಬಿಗೆ ವಾಪಸ್ ಬಂತು. ಅದು ಹುಟ್ಟಿದ್ದೂ ಅಲ್ಲೇ ಅನ್ನಬೇಕು. ಎರಡನೇ ಮಹಾಯುದ್ಧದ ಕಾಲದಲ್ಲಿ ಜಾರ್ಜ್ ವೆಬ್ ಅನ್ನುವ ಫ್ಯಾಕ್ಟರಿ ಕೆಲಸಗಾರ ಕೆಂಟ್‌ನ ಬಾರ್ನ್‌ಹರ್ಸ್ಟ್‌ನ ರೆಡ್ ಬಾರ್ನ್ ಪಬ್ಬಿನಲ್ಲಿ ಗೆಳೆಯರ ಜೊತೆ ಹಳೇ ನ್ಯೂ ಆರ್ಲಿಯನ್ಸ್ ಶೈಲಿ ಬಾರಿಸಲು ಶುರು ಮಾಡಿದ್ದು ಇಲ್ಲಿನ ಈ ಸಂಗೀತಕ್ಕೆ ಬೇರು.

ಆದರೆ ನಮ್ಮ ಟ್ರಂಪೆಟ್ ತಾತನ ದೇವರು ಇಂಗ್ಲೆಂಡಿನವರೇ ಆದ ಟ್ರಂಪೆಟ್ ವಾದಕ ಕೆನ್ ಕಾಲಿಯರ್. ಆ ಮನುಷ್ಯ ಹಡಗಿನ ಕೆಲಸಕ್ಕೆ ಸೇರಿದ್ದೇ ಹೇಗಾದರೂ ನ್ಯೂ ಆರ್ಲಿಯನ್ಸ್ ಮುಟ್ಟಬೇಕು ಅಂತ. 1952ರಲ್ಲಿ ಮುಟ್ಟಿದರು, ಅಲ್ಲಿನ ಹಿರಿಯರ ಜೊತೆ ಕೂತು ನುಡಿಸಿದರು. ವೀಸಾ ಅವಧಿ ಮುಗಿದದ್ದಕ್ಕೆ ಜೈಲಿಗೆ ಹಾಕಿ, 1953ರಲ್ಲಿ ಗಡೀಪಾರು ಮಾಡಿದರು. ತಾತ ಈ ಕಥೆ ಹೇಳುವಾಗ ಕಣ್ಣಲ್ಲಿ ನೀರು. "ಬರೀ ವೀಸಾಗೋಸ್ಕರ, ನೋಡು!" ಅಂದರು. ಇಲ್ಲಿನ ವೀಸಾ ಫಾರಂಗಳನ್ನು ವರ್ಷಗಟ್ಟಲೆ ತುಂಬಿದವನ ಮುಂದೆ ಹೇಳಿದರು. ನಾನು ಗಟ್ಟಿಯಾಗಿ ತಲೆಯಾಡಿಸಿದೆ.

ಅವರ ಇನ್ನೊಂದು ಹಳೇ ಸಿಟ್ಟು ಕಾನೂನಿನ ಮೇಲೆ. ಮೊದಲು ಪಬ್ಬಿನಲ್ಲಿ ಇಬ್ಬರು ಸಂಗೀತಗಾರರು ನುಡಿಸಿದರೆ ಮನರಂಜನೆಯ ಪ್ರತ್ಯೇಕ ಲೈಸೆನ್ಸ್ ಬೇಡ, ಮೂರನೆಯವನು ಬಂದರೆ ಬೇಕು. 2005ರ ತನಕ ಹೀಗಿತ್ತು. ಆಮೇಲೆ ಬಂದ ಕಾನೂನಿನಲ್ಲಿ ಒಬ್ಬನಿದ್ದರೂ ಅನುಮತಿ ಬೇಕಾಯಿತು. 2012ರ ಲೈವ್ ಮ್ಯೂಸಿಕ್ ಕಾಯ್ದೆ ಸಣ್ಣ ಜಾಗಗಳಿಗೆ ಬೆಳಿಗ್ಗೆ ಎಂಟರಿಂದ ರಾತ್ರಿ ಹನ್ನೊಂದರವರೆಗೆ ವಿನಾಯಿತಿ ಕೊಟ್ಟಿತು. ಏಳು ಜನರ ಬ್ಯಾಂಡಿನವರಿಗೆ ಈ ಇತಿಹಾಸ ಬಾಯಿಪಾಠ. "ಒಂದು ಕಾಲದಲ್ಲಿ ನಾನೂ ಬ್ಯಾಂಜೋನೂ ಕಾನೂನುಬದ್ಧ, ಉಳಿದ ಐದು ಜನ ಅಪರಾಧಿಗಳು" ಅಂತ ಟ್ರಂಪೆಟ್ ತಾತ. "ಬ್ಯಾಂಜೋ ಯಾವತ್ತೂ ಅಪರಾಧವೇ" ಅಂತ ಟ್ರೊಂಬೋನ್ ತಾತ.

ಈ ಜೋಕುಗಳ ವಿಷಯ ಹೇಳಲೇಬೇಕು. ಎಲ್ಲಾ ಹಳೆಯವು. "ಬ್ಯಾಂಜೋಗೂ ಟ್ರಾಂಪೊಲಿನ್‌ಗೂ ಏನು ವ್ಯತ್ಯಾಸ?" ಅಂತ ಟ್ರೊಂಬೋನ್ ತಾತ ಕೇಳಿದರೆ, ಇಡೀ ಪಬ್ಬು ಒಕ್ಕೊರಲಿನಿಂದ "ಟ್ರಾಂಪೊಲಿನ್ ತುಳಿಯುವ ಮುಂಚೆ ಶೂ ಬಿಚ್ತೀವಿ!" ಅನ್ನುತ್ತದೆ. ನಮ್ಮಲ್ಲಿ ಹರಿಕಥೆ ದಾಸರು ಅರ್ಧ ಸಾಲು ಬಿಟ್ಟು ಜನರ ಕಡೆ ಕಿವಿ ಕೊಡುತ್ತಾರಲ್ಲ, ಅದೇ ಲೆಕ್ಕ. ಮೊದಮೊದಲು ನನಗೆ ಇದು ಬರೀ ಹುಡುಗಾಟ ಅನ್ನಿಸಿತ್ತು. ಪಕ್ಕ ಕೂತ ಮೇಲೆ ಗೊತ್ತಾಯಿತು, ಜೋಕಿನ ಕೊನೆಯ ಪದ ಬೀಳುವ ಜಾಗಕ್ಕೇ ಡ್ರಮ್ಮಿನ ಪೆಟ್ಟು, ಅದರ ಬೆನ್ನಿಗೇ ಮುಂದಿನ ಹಾಡಿನ ಕಾಲ್ತಟ್ಟು. ನಗು ಇಳಿಯುವ ಮೊದಲೇ ಬ್ಯಾಂಡ್ ಹೊರಟಿರುತ್ತದೆ. ಒಂದು ಸಲ ನಾನು ನಗುತ್ತಾ ಇದ್ದು ಮೊದಲ ಬಾರ್ ತಪ್ಪಿಸಿಕೊಂಡೆ. "ನಗುವುದು ಅವರ ಕೆಲಸ" ಅಂತ ಬಾಸ್ ತಾತ ಗದರಿದರು. ಆ ಬ್ಯಾಂಡಿನಲ್ಲಿ ನನ್ನನ್ನು ನಿಜವಾಗಿ ಗದರಿದ್ದು ಅದೊಂದೇ ಸಲ.

ಎರಡನೇ ವರ್ಷ ಕ್ಲಾರಿನೆಟ್ ತಾತನಿಗೆ ಸೊಂಟದ ಕೀಲು ಬದಲಿಸುವ ಆಪರೇಷನ್ ಗೊತ್ತಾಯಿತು. ಎಂಟು ವಾರ ಬರುವಂತಿಲ್ಲ. ಬದಲಿಗೆ ಬರುವವನನ್ನು ಇವರು ಡೆಪ್ ಅನ್ನುತ್ತಾರೆ. "ನೀನೇ ಡೆಪ್. ಆದರೆ 'ಹೈ ಸೊಸೈಟಿ' ಹಾಡು ಬರಬೇಕು" ಅಂದರು.

ಈ ಶೈಲಿಯ ಕ್ಲಾರಿನೆಟ್ಟಿನವರಿಗೆ ಅದೊಂದು ಎಸ್ಸೆಸ್ಸೆಲ್ಸಿ ಪರೀಕ್ಷೆ. 1901ರ ಹೊತ್ತಿನ ಮಾರ್ಚ್, ಅಂದರೆ ಕವಾಯತಿನ ನಡಿಗೆಗೆ ಬಾರಿಸುವಂಥ ಹಾಡು ಅದು. ಅದರಲ್ಲಿದ್ದ ಪಿಕೊಲೋ ಅನ್ನುವ ಪುಟ್ಟ ಕೊಳಲಿನ ಭಾಗವನ್ನು ನ್ಯೂ ಆರ್ಲಿಯನ್ಸ್‌ನ ಅಲ್ಫಾನ್ಸ್ ಪಿಕೂ ಕ್ಲಾರಿನೆಟ್ಟಿಗೆ ಇಳಿಸಿಕೊಂಡರು. ಅಲ್ಲಿಂದ ಮುಂದೆ ಆ ಊರಿನಲ್ಲಿ ಕ್ಲಾರಿನೆಟ್ ಹಿಡಿದವರೆಲ್ಲ ಅದನ್ನು ನುಡಿಸಿ ತೋರಿಸಬೇಕಾಯಿತು. ಉಸಿರಿಗೆ ಬಿಡುವಿಲ್ಲದೆ ಮೆಟ್ಟಿಲು ಹತ್ತಿ ಇಳಿಯುವ ಸ್ವರಗಳು. ನನಗೆ ಸರಿಯಾಗಿ ಗಂಟಲು ಸ್ವರ ಅನ್ನುವ ವಾದ್ಯದ ನಡುವಿನ ಸ್ವರದಿಂದ ಮೇಲಿನ ಸ್ಥಾಯಿಗೆ ದಾಟುವ ಕಡೆ ಎಡವಟ್ಟು. ಎಲ್ಲಾ ಬೆರಳು ಒಟ್ಟಿಗೆ ಮುಚ್ಚಬೇಕು. ಒಂದು ಬೆರಳು ಕೂದಲೆಳೆ ತಡವಾದರೂ ಕೀಂಯ್ ಅನ್ನುತ್ತದೆ. ಎರಡು ವಾರ ಮನೆಯೆಲ್ಲ ಕೀಂಯ್.

ಬೇರೆ ದಾರಿ ಕಾಣದೆ ಅಪ್ಪನಿಗೆ ಫೋನ್ ಹಚ್ಚಿ ರೆಕಾರ್ಡ್ ಕೇಳಿಸಿದೆ. ಸಂತೆ ಅಂತ ಬೈಯುತ್ತಾರೆ ಅಂದುಕೊಂಡಿದ್ದೆ. ಅರ್ಧ ನಿಮಿಷ ಸುಮ್ಮನಿದ್ದರು.

"ಇದು ಮಾರ್ಚ್ ಕಣೋ!"

"ಹೌದಪ್ಪ."

"ಟ್ರಯೋ ಬಂತು ನೋಡು, ಶ್ರುತಿ ಬದಲಾಯ್ತು. ಪಿಕೊಲೋ ಬರೋ ಜಾಗ ಇದು. ಅದನ್ನೇ ಊದ್ತಿದಾನೆ. ಎಲ್ಲಿ, ನೀನು ಊದು."

ಊದಿದೆ. ಕೀಂಯ್.

"ಬೆರಳು ಯಾಕೆ ಅಷ್ಟು ಎತ್ತುತೀಯಾ, ಕಾಗೆ ಓಡಿಸ್ತಿದೀಯಾ? ಅರ್ಧ ವೇಗದಲ್ಲಿ ಊದು. ಬಲಗೈ ಬೆರಳುಗಳನ್ನ ಮುಂಚೇನೇ ಮುಚ್ಚಿಟ್ಕೋ. ಆ ಸ್ವರಕ್ಕೆ ಅವು ಮುಚ್ಚಿದ್ರೂ ಅಷ್ಟೇ, ಬಿಟ್ರೂ ಅಷ್ಟೇ."

ಎಡವಟ್ಟು ಇದ್ದದ್ದೇ ಅಲ್ಲಿ. ಆ ಗಂಟಲು ಸ್ವರ ನುಡಿಸುವಾಗ ಬಲಗೈ ಖಾಲಿ. ಮೊದಲೇ ಮುಚ್ಚಿಟ್ಟರೆ ದಾಟುವಾಗ ಅರ್ಧ ಕೆಲಸ ಮುಗಿದಿರುತ್ತದೆ. ಚಿಕ್ಕವನಿದ್ದಾಗ ಹೇಳಿಕೊಟ್ಟದ್ದೇ, ಮರೆತಿದ್ದೆ. ದಿನಾ ರಾತ್ರಿ, ಅಂದರೆ ಅಪ್ಪನ ಬೆಳಗಿನ ಜಾವ, ಇಪ್ಪತ್ತು ನಿಮಿಷ ಪಾಠ ನಡೆಯಿತು. ಅಪ್ಪ ತೊಡೆ ತಟ್ಟಿ ಲಯ ಕೊಡುತ್ತಿದ್ದರು. ಹಿಂದೆ ಅಮ್ಮ ಕಾಫಿ ಸೋಸುವ ಸದ್ದು.

ಡೆಪ್ ಆಗಿ ಮೊದಲ ಭಾನುವಾರ ವೇಸ್ಟ್‌ಕೋಟ್ ಸಿಕ್ಕಿತು. ಕ್ಲಾರಿನೆಟ್ ತಾತನದೇ, ನನಗೆ ಎರಡು ಸೈಜ್ ದೊಡ್ಡದು. ಹೆಂಡತಿ ಹಿಂದುಗಡೆ ಸೇಫ್ಟಿ ಪಿನ್ ಹಾಕಿ ಕಳಿಸಿದಳು. ಎರಡನೇ ಸೆಟ್ಟಿನಲ್ಲಿ ಟ್ರಂಪೆಟ್ ತಾತ ಎರಡು ಬೆರಳು ಕೆಳಗೆ ತೋರಿಸಿ ಹುಬ್ಬು ಹಾರಿಸಿದರು. ಹೈ ಸೊಸೈಟಿ. ಟ್ರಯೋ ಬಂತು. ಬಲಗೈ ಮುಚ್ಚಿಟ್ಟುಕೊಂಡೆ. ಮೊದಲ ಸುತ್ತು ದಾಟಿತು. ಎರಡನೇ ಸುತ್ತಿನಲ್ಲಿ ಎರಡು ಸ್ವರ ನುಂಗಿದೆ, ಆದರೆ ಕೀಂಯ್ ಅನ್ನಲಿಲ್ಲ. ಬೆನ್ನಿನ ಪಿನ್ ಬಿಚ್ಚಿಕೊಂಡು ಚುಚ್ಚುತ್ತಿತ್ತು. ಮುಗಿದಾಗ ಜನ ಚಪ್ಪಾಳೆ ತಟ್ಟಿದರು, ಬ್ಯಾಂಡಿನವರು ಏನೂ ಹೇಳಲಿಲ್ಲ, ಟ್ರೊಂಬೋನ್ ತಾತ ಮೈಕಿಗೆ ಬಾಗಿ "ಇವರು ಮೈಸೂರಿನಿಂದ ಬಂದವರು. ಟ್ರಾಫಿಕ್ ಜಾಸ್ತಿ ಇತ್ತಂತೆ, ಅದಕ್ಕೇ ಎರಡು ಸ್ವರ ತಡ" ಅಂದರು. ಡ್ರಮ್ಮಿನ ಪೆಟ್ಟು. ಕಾಲ್ತಟ್ಟು. ಈ ಸಲ ನಾನು ನಗದೆ ಮೊದಲ ಬಾರ್‌ಗೇ ಒಳಗೆ ಬಂದೆ.

ಸಂಬಳದ ಮಾತು. ಪಬ್ಬಿನವರು ತಲೆಗೆ 40 ಪೌಂಡ್ ಕೊಡುತ್ತಾರೆ, ಊಟ ಕೊಡುತ್ತಾರೆ. ಡ್ರಮ್ಮಿನವರ ಹೆಂಡತಿ ಮೇಜಿಂದ ಮೇಜಿಗೆ ರಾಫಲ್ (ಲಕ್ಕಿ ಡ್ರಾ) ಟಿಕೆಟ್ ಮಾರುತ್ತಾರೆ, ಅದರ ದುಡ್ಡಲ್ಲಿ ಪೆಟ್ರೋಲ್ ಖರ್ಚು ಹುಟ್ಟುತ್ತದೆ. ಊಟ ಅಂದರೆ ಉಳಿದವರಿಗೆ ಭಾನುವಾರದ ಮಾಂಸದ ರೋಸ್ಟ್. ನನಗೆ ನಟ್ ರೋಸ್ಟ್. ಗೋಡಂಬಿ, ಬಾದಾಮಿ, ಬ್ರೆಡ್ ಪುಡಿ ಸೇರಿಸಿ ಇಟ್ಟಿಗೆಯ ಆಕಾರಕ್ಕೆ ಬೇಯಿಸಿದ್ದು. ರುಚಿಯೂ ಹೆಚ್ಚುಕಡಿಮೆ ಅದರದೇ. ಮೂರು ವರ್ಷದಿಂದ ತಿನ್ನುತ್ತಿದ್ದೇನೆ. ಈಗ ಮನೆಯಿಂದ ಒಂದು ಸಣ್ಣ ಡಬ್ಬಿಯಲ್ಲಿ ಮಾವಿನಕಾಯಿ ಉಪ್ಪಿನಕಾಯಿ ಒಯ್ಯುತ್ತೇನೆ. ಬ್ಯಾಂಜೋ ತಾತ ಅದಕ್ಕೆ ಪಾಲು ಕೇಳುತ್ತಾರೆ. ಹೋದ ತಿಂಗಳು ರಾಫಲ್‌ನಲ್ಲಿ ನನ್ನ ನಂಬರ್ ಬಂತು. ಬಹುಮಾನ ಊರಿನ ಕಸಾಯಿ ಅಂಗಡಿಯ ಒಂದು ತಟ್ಟೆ ಸಾಸೇಜು. ಲ್ಯಾಬ್ರಡಾರ್ ಈಗ ನನ್ನ ಸೋಲೋಗೆ ಎದ್ದು ಹೋಗುವುದಿಲ್ಲ. ಸಾಸೇಜಿಗೂ ಅದಕ್ಕೂ ಸಂಬಂಧ ಇಲ್ಲ ಅಂತ ನಾನು ಎಲ್ಲರಿಗೂ ಹೇಳುತ್ತಿದ್ದೇನೆ.

ಕ್ಲಾರಿನೆಟ್ ತಾತ ವಾಪಸ್ ಬಂದರು. ಆದರೆ ಎರಡು ಸೆಟ್ ಕೂರಲು ಆಗುವುದಿಲ್ಲ. ಮೊದಲನೆಯದು ಅವರದು, ಎರಡನೆಯದು ನನ್ನದು. ಅವರು ಬೆಂಕಿಗೂಡಿನ ಪಕ್ಕ ಕೂತು, ನಾನು ಟ್ರಂಪೆಟ್ಟಿನ ಮೇಲೆ ಹತ್ತಿದಾಗಲೆಲ್ಲ ಊರುಗೋಲು ನೆಲಕ್ಕೆ ಕುಟ್ಟುತ್ತಾರೆ.

ನನ್ನ ಸೆಟ್ಟಿನ ಹೊತ್ತಿಗೆ ಮೈಸೂರಿನಲ್ಲಿ ರಾತ್ರಿ ಏಳೂವರೆ. ಅಪ್ಪ ಊಟಕ್ಕೆ ಮುಂಚೆ ಕೇಳುತ್ತೇನೆ ಅಂದಿದ್ದಕ್ಕೆ ಈ ಚಳಿಗಾಲದಿಂದ ಫೋನನ್ನು ಪಿಯಾನೋ ಮೇಲೆ ನಿಲ್ಲಿಸಿಡುತ್ತೇನೆ. ಹೋದ ಭಾನುವಾರ ಹೊರಗೆ ಎರಡು ಡಿಗ್ರಿ. ಟ್ರೊಂಬೋನಿಗಾಗಿ ಬಾಗಿಲು ತೆರೆದಿತ್ತು. ಮೊದಲ ಹಾಡು ಮುಗಿದು ಚಪ್ಪಾಳೆ ನಿಂತ ಕೂಡಲೇ ಪಿಯಾನೋ ಮೇಲಿಂದ ಅಪ್ಪನ ದನಿ, ಇಡೀ ಪಬ್ಬಿಗೆ ಕೇಳುವಂತೆ:

"ಲೋ, ಶ್ರುತಿ ಇಳಿದಿದೆ. ವಾದ್ಯ ತಣ್ಣಗಾಗಿದೆ. ಬ್ಯಾರೆಲ್ ಒಳಗೆ ತಳ್ಳೋ."

ಟ್ರಂಪೆಟ್ ತಾತ ಏನಂದರು ಅಂತ ಕೇಳಿದರು. ಹೇಳಿದೆ. ಅವರು ಫೋನಿನ ಕಡೆ ತಿರುಗಿ ಬೌಲರ್ ಹ್ಯಾಟು ಎತ್ತಿದರು. ನಾನು ಬ್ಯಾರೆಲ್ ತಳ್ಳಿದೆ. ಅವರು ಮೂರು ಬೆರಳು ಕೆಳಗೆ ತೋರಿಸಿದರು.